ಹೆಗಲೇರಿ ಬಂದ ದಾರಿ

ತಿಪ್ಪೇಶಿಯ ಸೈಕಲ್ಲಿಗೆ ಹ್ಯಾಂಡಲ್ ಮೇಲೆ ಕೂತ ಮೊಬೈಲೇ ಯಜಮಾನ. ಅದು ಒಂದು ಭಾನುವಾರ ಗುಡ್ಡದಾಚೆಗೆ ಹೊಸ ಸೈಕಲ್ ದಾರಿ ಹುಡುಕಿಕೊಟ್ಟಿತು. ಹೋಗಿ ನೋಡಿದರೆ ಬರೀ ಬಂಡೆ, ಜಾಲಿಮುಳ್ಳು. ತಿಪ್ಪೇಶಿ ಶಪಿಸುತ್ತಾ ಇಳಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗುಡ್ಡ ದಾಟಿದ.

"ಸೈಕಲ್ ಬಂದು ಮುಟ್ಟಿತು. ದಾರಿ ಖಾತ್ರಿಯಾಯಿತು," ಎಂದು ಮೊಬೈಲು ಊರವರೆಲ್ಲ ನೋಡುವ ನಕ್ಷೆಯಲ್ಲಿ ಹಸಿರು ಗೆರೆ ಎಳೆಯಿತು.

"ಅಯ್ಯಾ ಮಹಾಶಯ, ನನ್ನ ಚಕ್ರ ಒಂದು ಸುತ್ತೂ ತಿರುಗಿಲ್ಲ! ಮೊದಲು ಅದನ್ನು ಅಳಿಸು!" ಎಂದು ಸೈಕಲ್ ರೇಗಿತು.

"ನೀನು ಎಲ್ಲಿದ್ದೆ ಎಂಬುದಷ್ಟೇ ನನಗೆ ಬೇಕು. ಯಾರ ಮೇಲಿದ್ದೆ ಎಂಬುದಲ್ಲ."

ಮುಂದಿನ ಭಾನುವಾರ ಆ ಹಸಿರು ಗೆರೆಯನ್ನು ನಂಬಿ ಹನ್ನೆರಡು ಸೈಕಲ್ಲುಗಳು ಗುಡ್ಡ ದಾಟಿದವು, ಹನ್ನೆರಡೂ ಹೆಗಲ ಮೇಲೆ. ಮೊಬೈಲು ಗೆರೆಯನ್ನು ಇನ್ನಷ್ಟು ದಪ್ಪ ಮಾಡಿ ಹೇಳಿತು: "ನೋಡಿದೆಯಾ? ಗೊಣಗಿದ್ದು ನೀನೊಬ್ಬನೇ."