ನೀರು ನುಂಗಿದ ಬೆಳಕು

"ಕೇಳಿರಪ್ಪೋ ಕೇಳಿ! ತಾಮ್ರವತಿಯ ದೊರೆ ಶೂರಭೂಪನ ಅಪ್ಪಣೆ. ಕುವರಿ ಹೇಮಾಂಬೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನಿಗೆ ಕುವರಿಯನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಡಂಗುರದವನು ಹೀಗೆ ಸಾರಿಕೊಂಡು ಹೋಗುವಾಗ ಹೇಮಾಂಬೆ ಕಿಟಕಿಯಲ್ಲಿ ನಿಂತಿದ್ದಳು. ತಲೆಯ ಮಾತು ಅವಳದಲ್ಲ, ಅಪ್ಪ ಸೇರಿಸಿದ್ದು. 

ಆ ಊರಿನ ದೀಪಗಳು ಎಣ್ಣೆಯವಲ್ಲ ನೋಡಿ. ಉಪ್ಪುನೀರಿನ ಗುಡಾಣದಲ್ಲಿ ಲೋಹದ ತಗಡು ಇಳಿಬಿಟ್ಟು, ಅದರಿಂದ ಹುಟ್ಟುವ ಮಿಂಚಿನಲ್ಲಿ ದೀಪ ಉರಿಸುತ್ತಿದ್ದರು. ಈಚೆಗೆ ದೀಪಗಳು ಮಂಕಾಗುತ್ತಿದ್ದವು. ತಗಡಿನ ಮೈಮೇಲೆ ಏನೋ ಕೂತು ಉಸಿರು ಕಟ್ಟಿಸುತ್ತಿದೆ ಎಂದು ಕುವರಿಗೆ ಅನುಮಾನ. ಅದೇನೆಂದು ತಿಳಿಯಲು ವರ್ಷಗಟ್ಟಲೆ ಒದ್ದಾಡಿ, ಎರಡು ಗುಟ್ಟು ಕಂಡುಕೊಂಡಿದ್ದಳು. ಮೂರನೆಯದು ಅವಳಿಗೂ ತಿಳಿದಿರಲಿಲ್ಲ. ಯಾವನಾದರೂ ಜಾಣ ಬಂದು ಹೇಳಿಯಾನು ಎಂಬ ಆಸೆಗೆ ಅದನ್ನೂ ಒಗಟಿನ ಸಾಲಿಗೆ ಸೇರಿಸಿಬಿಟ್ಟಿದ್ದಳು. ಅಯ್ಯೋ ಹುಚ್ಚಿ, ಅಪ್ಪನ ಬುದ್ಧಿ ಗೊತ್ತಿದ್ದೂ ಹೀಗಾ ಮಾಡುವುದು!

ಬಂದರು ಜಾಣರು. ಪಾಳೆಯಗಾರನ ಮಗ ಮೊದಲ ಒಗಟಿಗೇ ಮುಗ್ಗರಿಸಿದ. ಕಮ್ಮಾರ ಈರೋಜ ಎರಡನೆಯದಕ್ಕೆ ತಪ್ಪಿದ. ಒಬ್ಬ ಪಂಡಿತ ಮೂರನೆಯದರವರೆಗೆ ಬಂದು, ತಗಡನ್ನು ನೀರಿನಿಂದ ತೆಗೆದು ಒರೆಸಿ ನೋಡಬೇಕು ಅಂದ. ಮೂವರೂ ಸೆರೆಮನೆ ಸೇರಿದರು. 

ಅಮಾವಾಸ್ಯೆಯ ಹಿಂದಿನ ದಿನ ಈರೋಜನ ತಮ್ಮ ಮಾಚೋಜ ಬಂದ. ಅಣ್ಣನ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದವನು. ರಾಜ್ಯವೂ ಬೇಡ, ಕುವರಿಯೂ ಬೇಡ, ಗೆದ್ದರೆ ಅಣ್ಣನ ಬಿಡುಗಡೆ ಕೇಳಿಕೊಳ್ಳೋಣ ಅಂತ ಬಂದಿದ್ದ.  

"ಒಂದೇ ಲೋಹದಲ್ಲಿ ಹುಟ್ಟಿದ ಅಣ್ಣತಮ್ಮಂದಿರು," ಎಂದು ಹೇಮಾಂಬೆ ಶುರುಮಾಡಿದಳು. "ಅಣ್ಣ ಬಾಗಿಲಷ್ಟು ಅಗಲ, ತಮ್ಮ ಕೂದಲ ತುದಿಯಷ್ಟು. ಉಪ್ಪುನೀರಿಗಿಳಿಸಿ ಮಿಂಚು ಹರಿಸಿದರೆ ಅಣ್ಣ ತಡವರಿಸುತ್ತಾನೆ, ತಮ್ಮ ಥಟ್ಟನೆ ನಿಜ ಹೇಳುತ್ತಾನೆ. ಯಾಕೆ?"

 ಮದುವೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವ ತನಕ ಮೊದಲ ಎಲೆಯವನೂ ಕಾಯಬೇಕಲ್ಲ, ಹಾಗೆ ಅಂದ ಮಾಚೋಜ. ಅಣ್ಣ ಅಂದರೆ ದೊಡ್ಡ ತಗಡು, ಅವನ ಅಗಲವಾದ ಮೈಯೆಲ್ಲ ಮಿಂಚು ತುಂಬಬೇಕು, ಆಮೇಲೆ ಮಾತು. ತಮ್ಮ ಸೂಜಿಮೊನೆ, ಅವನಿಗೆ ತುಂಬುವುದೇ ಒಂದು ಚಿಟಿಕೆ, ಸುತ್ತಲಿನ ನೀರೆಲ್ಲ ಅವನೊಬ್ಬನಿಗೇ ಬಡಿಸುತ್ತದೆ. ಹೇಮಾಂಬೆ ತಲೆಯಾಡಿಸಿದಳು.

"ಕಣ್ಣಿಗೆ ಕಾಣದ ಬೆಳಕೊಂದಿದೆ. ತಗಡಿನ ಮೇಲೆ ಬಿಟ್ಟರೆ, ಅಲ್ಲಿ ಯಾರು ಕೂತಿದ್ದಾರೆಂದು ತಿಳಿದುಕೊಂಡು ವಾಪಸು ಬರುತ್ತದೆ. ಯಾವ ಬೆಳಕು, ಹೇಗೆ ತಿಳಿಯುತ್ತದೆ?"

ಕೆಂಡ ಕಪ್ಪಾದ ಮೇಲೂ ಕೆನ್ನೆಗೆ ತಾಗುವ ಬಿಸಿಯೇ ಆ ಬೆಳಕು ಎಂದ. ಅದರಲ್ಲೂ ಹಲವು ಬಗೆ ಇರಬೇಕು. ಕೂತವರು ಒಬ್ಬೊಬ್ಬರೂ ತಮಗೆ ಹಿಡಿಸಿದ ಬಗೆಯನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತಾರೆ. ಯಾವುದು ಕಮ್ಮಿಯಾಯಿತು ಅಂತ ನೋಡಿದರೆ ಯಾರೆಂದು ತಿಳಿಯುತ್ತದೆ. ಅದೂ ಸರಿಯಾಗಿತ್ತು. ಹೇಮಾಂಬೆ ತನಗೇ ಗೊತ್ತಿಲ್ಲದ ಮೂರನೆಯದನ್ನು ಕೇಳಿದಳು.

"ಆ ಬೆಳಕನ್ನು ನೀರು ನುಂಗಿಬಿಡುತ್ತದೆ. ನೀರಿನಿಂದ ತೆಗೆದರೆ ಕೂತವರು ಎದ್ದುಹೋಗುತ್ತಾರೆ. ನೀರಲ್ಲೇ ಇಟ್ಟು ನೋಡುವುದು ಹೇಗೆ?"

"ಗುಡಾಣಕ್ಕೊಂದು ಸ್ಫಟಿಕದ ಕಿಂಡಿ ಇಟ್ಟು, ತಗಡನ್ನು ಅದಕ್ಕೆ ಒತ್ತಿಬಿಡುವುದು. ಮಧ್ಯೆ ಈರುಳ್ಳಿ ಪೊರೆಯಷ್ಟೇ ನೀರು ಉಳಿಯುವ ಹಾಗೆ," ಎಂದವನು ಅಷ್ಟಕ್ಕೇ ನಿಂತ. ಮುಂದಿನದು ಹೊಳೆಯಲಿಲ್ಲ.

"ಸರಿಯೋ ತಪ್ಪೋ ಹೇಳು ಮಗಳೇ," ಎಂದ ದೊರೆ.

ಸರಿ ಅಂದರೆ ಅವನೊಬ್ಬ ಬದುಕಿಯಾನು. ಆದರೆ ಉತ್ತರವೇ ಗೊತ್ತಿಲ್ಲದ ಒಗಟಿಗೆ ಪಂಡಿತನ ತಲೆ ಹೋಗುತ್ತದೆ. ತಪ್ಪು ಅಂದರೆ ಇವನದೂ ಜೊತೆಗೆ. ಗೊತ್ತಿಲ್ಲ ಅಂದರೆ ಇಡೀ ಸಭೆಯೆದುರು ಮಾನ ಹೋಗುತ್ತದೆ. ಅವಳಿಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

"ಗೊತ್ತಿಲ್ಲ ಅಪ್ಪಾಜಿ. ಇದರ ಉತ್ತರ ನನಗೂ ಗೊತ್ತಿಲ್ಲ."

ದೊರೆಯ ಮುಖ ಕಪ್ಪಿಟ್ಟಿತು. ಗೊತ್ತಿಲ್ಲದ್ದನ್ನು ಕೇಳಿ ಜನರ ತಲೆ ತೆಗೆಸಲು ಹೊರಟಿದ್ದೆಯಾ ಎಂದು ಗುಡುಗಿದ. ಕತ್ತಿಯ ಮಾತು ನಿಮ್ಮದು, ಬಾಯಿ ಮುಚ್ಚಿಕೊಂಡಿದ್ದ ತಪ್ಪು ನನ್ನದು ಎಂದು ಅವಳು ಅತ್ತೇಬಿಟ್ಟಳು. ಹಾಗಾದರೆ ಈಗಲೇ ಮಾಡಿ ತೋರಿಸಿ, ಕಾಣದಿದ್ದರೆ ಇವನ ತಲೆಯೂ ಹೋಗುತ್ತದೆ ಎಂದು ದೊರೆ ಪಟ್ಟುಹಿಡಿದ.

ಸ್ಫಟಿಕದ ಕಿಂಡಿ ಕೂರಿಸಿದ ಗುಡಾಣ ಬಂತು, ಕೆಂಡದ ಕುಂಡ ಬಂತು, ಹೇಮಾಂಬೆ ಮಾಡಿಸಿದ್ದ ಮಸಿ ಬಳಿದ ಮುಳ್ಳುಗಳ ಸಾಲು ಬಂತು. ಒಂದೊಂದು ಬಗೆಯ ಬಿಸಿಗೆ ಒಂದೊಂದು ಮುಳ್ಳು ಏಳುತ್ತಿತ್ತು. ಮಾಚೋಜ ತಗಡನ್ನು ಕಿಂಡಿಗೆ ಒತ್ತಿದ. ಸತ್ತಂತೆ ಮಲಗಿದ್ದ ಮುಳ್ಳುಗಳು ಮೆಲ್ಲಗೆ ಎದ್ದವು. ಬೆಳಕು ವಾಪಸು ಬಂದಿತ್ತು! ಆದರೆ ಒಂದು ಹೆಚ್ಚು, ಒಂದು ಕಮ್ಮಿ, ಎಲ್ಲ ಕಲಸುಮೇಲೋಗರ. ಯಾವುದು ನೀರು ನುಂಗಿದ್ದು, ಯಾವುದು ಕೂತವನು ನುಂಗಿದ್ದು ಎಂದು ಹೇಳುವವರಿಲ್ಲ. 

ಹೇಮಾಂಬೆ ಮುಳ್ಳುಗಳನ್ನೇ ನೋಡುತ್ತಿದ್ದವಳು ಥಟ್ಟನೆ ಎದ್ದು ಬಂದಳು.

"ತಗಡು ಅಲ್ಲಾಡಿಸಬೇಡ. ಮಿಂಚು ನಿಲ್ಲಿಸಿ ಒಂದು ಸಲ ನೋಡೋಣ, ಹರಿಸಿ ಒಂದು ಸಲ. ನೀರು ಎರಡು ಸಲವೂ ಅಷ್ಟೇ ನುಂಗುತ್ತದೆ, ತಗಡಿನ ಮೇಲೆ ಕೂತವನು ಮಾತ್ರ ಮಿಂಚಿಗೆ ಮಿಸುಕುತ್ತಾನೆ. ಬದಲಾದದ್ದು ಯಾವುದೋ ಅವನೇ ಕೂತವನು."

ನಿಲ್ಲಿಸಿದರು, ಹರಿಸಿದರು. ಸಾಲಿನಲ್ಲಿ ಒಂದೇ ಒಂದು ಮುಳ್ಳು ಕದಲಿತು. ಇದ್ದಿಲ ಹೊಗೆ ತಾಗಿದಾಗ ಕದಲುವುದೆಂದು ಹೇಮಾಂಬೆ ಮೊದಲೇ ಗುರುತಿಸಿದ್ದ ಮುಳ್ಳು ಅದು. ಅರಮನೆಯ ಅಗ್ಗಿಷ್ಟಿಕೆಗಳ ಕೆಟ್ಟ ಗಾಳಿ ಗುಡಾಣಕ್ಕಿಳಿದು ತಗಡನ್ನು ಮುಚ್ಚುತ್ತಿತ್ತು. ಮಾಚೋಜ ಅಲ್ಲೇ ಕುಸಿದು ಕೂತ. ಅವಳೂ ಪಕ್ಕದಲ್ಲೇ ಕೂತಳು.

ದೊರೆ ಮಾಚೋಜನತ್ತ ತಿರುಗಿದ. "ಅರ್ಧ ಉತ್ತರ ನಿನ್ನದು, ಅರ್ಧ ಇವಳದು. ಅರ್ಧಕ್ಕೆ ಏನು ಕೊಡಲಯ್ಯಾ?"

"ಸೆರೆಯಲ್ಲಿರುವ ಮೂವರ ತಲೆ ಕೊಡಿ ಸ್ವಾಮಿ, ಅವರವರ ಕತ್ತಿನ ಮೇಲೇ ಇರುವ ಹಾಗೆ."

ದೊರೆ ಕೊಟ್ಟ, ಕೊಡದೆ ಏನು ಮಾಡುತ್ತಾನೆ! ಮದುವೆ ಬಲವಂತದ್ದಲ್ಲ ಎಂದೂ ಸಾರಿಸಿದ. ಹೇಮಾಂಬೆ ಮಾಚೋಜನನ್ನು ಮೆಚ್ಚಿಯೇ ಕೈಹಿಡಿದಳು, ಅರ್ಧ ರಾಜ್ಯವೂ ಬಂತು. ಅಗ್ಗಿಷ್ಟಿಕೆಗಳನ್ನು ಗುಡಾಣಗಳಿಂದ ದೂರ ಸರಿಸಿದರು, ದೀಪಗಳು ಬೆಳಗಿದವು. ಆಮೇಲೆ ಆ ಊರಿನಲ್ಲಿ ಗೊತ್ತಿಲ್ಲ ಅಂದವರ ತಲೆ ಯಾರೂ ತೆಗೆಯಲಿಲ್ಲ.