ಅರೆಗಂಬಳಿ ಗುಡ್ಡ

ಕುರುಚಲಹಾಳದ ಬಡಗಣ ದಿಕ್ಕಿಗೆ ಒಂದು ಬೋಳುಗುಡ್ಡವಿದೆ. ನೆರಳಿಗೆಂದು ಒಂದು ಮರವಿಲ್ಲ, ಬರೀ ಜಾಲಿಮುಳ್ಳು. ತುದಿಯಲ್ಲಿ ಗುಡಿಯಿಲ್ಲದೆ ನಿಂತ ಒಂದು ಕಲ್ಲು, ಅದರ ಹೆಗಲ ಮೇಲೆ ಅರ್ಧ ಕಂಬಳಿ. ಹೊಸಬರು ಇದನ್ನು ಕಂಡು, ಈ ಊರಿನವರು ದೇವರ ಹತ್ತಿರವೂ ಜಿಪುಣತನ ಮಾಡಿದ್ದಾರೆ ಎಂದು ನಗುವುದುಂಟು. ನಗಲಿ. ಅರೆಗಂಬಳಿ ಎಂಬ ಹೆಸರು ಬಂದ ಬಗೆಯನ್ನು ಕೇಳಿದ ಮೇಲೂ ನಕ್ಕವರನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ ಇಲ್ಲಿಯ ಕುರುಬರ ಕೇರಿಯಲ್ಲಿ ಕೆಂಚವ್ವ ಎಂಬ ವಿಧವೆ ಇದ್ದಳು. ಗಂಡ ಸತ್ತ ಮೇಲೆ ಅವನ ಮಗ್ಗಕ್ಕೆ ತಾನೇ ಕೂತು ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಊರ ದೇವರು ಬೀರಪ್ಪನಿಗೆ ವರ್ಷಕ್ಕೊಂದು ಕಂಬಳಿ ಹೊದಿಸುವುದು ಪದ್ಧತಿ. ಮನೆಗೊಂದು ಹಿಡಿಯಂತೆ ಕರಿ ಉಣ್ಣೆ ಕೂಡಿಸಿ, ಎರಡು ಪಟ್ಟಿ ನೇಯ್ದು, ನಡುವೆ ಹೊಲಿದು ಒಂದು ಮಾಡಬೇಕು. ಬಿಳಿ ಎಳೆ ಒಂದೂ ಇರಬಾರದು. ಆ ವರ್ಷ ನೇಯುವ ಪಾಳಿ ಕೆಂಚವ್ವನದು. ಕಂಬಳಿ ಹೊದಿಸಿ ತಿಂಗಳಾಗಿರಲಿಲ್ಲ, ಊರಿಗೆ ಸಿಡುಬು ಬಂತು. ಮೊದಲು ಹೋದವರು ಅವಳ ಮಕ್ಕಳಿಬ್ಬರು. ಪೂಜಾರಿ ಮಾಳಪ್ಪ ದೇವರ ಕಂಬಳಿಯನ್ನು ಬಿಸಿಲಿಗೆ ಹಿಡಿದಾಗ ಒಂದು ಬಿಳಿ ಎಳೆ ಕಂಡಿತು. ಸತ್ತವರ ಮನೆಯಲ್ಲೇ ತಪ್ಪು ಹುಡುಕುವುದು ಊರಿಗೆ ಯಾವಾಗಲೂ ಸುಲಭ. ಸಿಡುಬು ಬಂದ ಮನೆ ಪಾಪದ ಮನೆ, ಆ ಮನೆಯವರು ಊರು ಬಿಡಬೇಕು ಎಂದು ಮಾಳಪ್ಪ ಕಟ್ಟಳೆ ಮಾಡಿದ. ಕೆಂಚವ್ವನನ್ನು ಗುಡ್ಡಕ್ಕೆ ಅಟ್ಟಿದರು.

ಮೊದಲ ದಿನ ಅವಳು ಆ ಕಲ್ಲನ್ನೇ ಬೀರಪ್ಪನೆಂದು ತಿಳಿದು, ಅದರ ಮುಂದೆ ಅತ್ತಳು, ಬೈದಳು ಕೂಡ, ಎನ್ನುತ್ತಾರೆ. “ನಾ ಏನ ಮಾಡೀನಿ, ಹೇಳೋ ಯಪ್ಪಾ” ಎಂದು ಕೇಳಿದಳಂತೆ. ಕಲ್ಲು ಉತ್ತರ ಕೊಡಲಿಲ್ಲ. ಕೊಟ್ಟಿತೆಂದು ಹೇಳುವವರೂ ಇದ್ದಾರೆ, ಅವರ ಮಾತನ್ನು ನಾನು ನಂಬುವುದಿಲ್ಲ. ಚಳಿಗಾಲ ಬಂದಾಗ ಅವಳು, ಕುರಿ ಹಾದುಹೋದ ದಾರಿಯ ಮುಳ್ಳುಗಳಿಗೆ ಸಿಕ್ಕಿದ ಉಣ್ಣೆಯನ್ನು ಕರಿ ಬಿಳಿ ಎನ್ನದೆ ಬಿಡಿಸಿ ತಂದು, ನೂತು, ಆ ಕಲ್ಲಿಗೊಂದು ಕಂಬಳಿ ನೇಯಲೆಂದು ಗೂಟ ನೆಟ್ಟು ಮಗ್ಗ ಹೂಡಿದಳು. ಬುತ್ತಿ ತಂದುಕೊಡುತ್ತಿದ್ದ ಅವಳ ಅಕ್ಕನಿಗೆ ತಡೆಯಲಾಗಲಿಲ್ಲ.

“ಮಕ್ಕಳನ್ನ ಕಸಗೊಂಡವಗ ಮತ್ತ ಕಂಬಳಿ ಯಾಕ?”

“ಯಾಕ ಕಸಗೊಂಡ ಅನ್ನೂದು ನನಗ ತಿಳೀಲಿಲ್ಲಕ್ಕಾ. ಆದ್ರ ಇಲ್ಲಿ ನನ್ನ ಜೋಡಿ ಇರಾವ ಅವನೊಬ್ಬನ. ನನಗ ಚಳಿ ಆಗತೈತಿ, ಅವಗೂ ಆಗತಿರಬೇಕು.”

ಮುಳ್ಳಿನ ಉಣ್ಣೆಯಲ್ಲಿ ಕಂಬಳಿ ಮುಗಿಯಲು ಮೂರು ಚಳಿಗಾಲ ಹಿಡಿಯಿತು. ಎರಡು ಪಟ್ಟಿಗಳನ್ನು ಹೊಲಿದು ಮುಗಿಸಿದ ದಿನವೇ ಮಾಳಪ್ಪ ಗುಡ್ಡ ಹತ್ತಿ ಬಂದ. ಹೆಗಲ ಮೇಲೆ ಮೊಮ್ಮಗಳು. ಮೈತುಂಬ ಸಿಡುಬಿನ ಗುಳ್ಳೆ, ಗಡಗಡ ನಡುಕ. ಅವನು ಮಾಡಿದ ಕಟ್ಟಳೆ ಅವನ ಮನೆ ಬಾಗಿಲಿಗೇ ಬಂದಿತ್ತು. ಕೂಸನ್ನು ಇಳಿಸಿ ತಲೆ ತಗ್ಗಿಸಿದ.

“ಆ ಬಿಳಿ ಎಳಿ ನಮ್ಮನಿ ಉಣ್ಣೀದು, ಯವ್ವಾ. ಗೊತ್ತಿದ್ದೂ ಅಂಜಿ ಬಾಯಿ ಬಿಡಲಿಲ್ಲ. ಆ ಪಾಪಕ್ಕ ಈ ಕೂಸಿಗೆ ಹಿಂಗಾತು.”

ಕೆಂಚವ್ವ ಕೂಸಿನ ಹಣೆ ಮುಟ್ಟಿ ನೋಡಿದಳು.

“ನಿನ್ನ ಸುಳ್ಳು ನಿಂದು, ಮಾಳಪ್ಪಣ್ಣ. ಕೂಸಿನ ತಲಿಗೆ ಕಟ್ಟಬ್ಯಾಡ. ಉಣ್ಣಿಗೆ ಬಣ್ಣ ಕೊಟ್ಟಾವ ಬೀರಪ್ಪ, ಅವ ಒಂದು ಬಿಳಿ ಎಳಿಗೆ ಮಕ್ಕಳನ್ನ ಕೊಲ್ಲಾವಲ್ಲ. ನನ್ನ ಮಕ್ಕಳೂ ಏನೂ ಮಾಡಿರಲಿಲ್ಲ.”

ಹೀಗೆಂದು ಅವಳು ದೇವರ ಕಂಬಳಿಯ ನಡುವಿನ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದಳು. ಒಂದು ಪಟ್ಟಿಯನ್ನು ಕಲ್ಲಿಗೆ ಹೊದಿಸಿ, ಇನ್ನೊಂದನ್ನು ಕೂಸಿಗೆ ಸುತ್ತಿ ಮಡಿಲಿಗೆಳೆದುಕೊಂಡಳು. ಹನ್ನೊಂದನೆಯ ದಿನ ಕೂಸು ಅಂಬಲಿ ಕೇಳಿತು. ತನ್ನ ಮಕ್ಕಳು ಯಾಕೆ ಉಳಿಯಲಿಲ್ಲ ಎಂಬುದು ಮಾತ್ರ ಕೆಂಚವ್ವನಿಗೆ ಸಾಯುವವರೆಗೂ ತಿಳಿಯಲಿಲ್ಲ. ಆದರೂ ಅವಳು ನೇಯುವುದನ್ನು ಬಿಡಲಿಲ್ಲ.

ಈಗಲೂ ಊರಿನವರು ಮುಳ್ಳಿನ ಉಣ್ಣೆಯನ್ನೇ ಆಯ್ದು ವರ್ಷಕ್ಕೆ ಎರಡು ಪಟ್ಟಿ ನೇಯುತ್ತಾರೆ, ಸೇರಿಸಿ ಹೊಲಿಯುವುದಿಲ್ಲ. ಒಂದು ಕಲ್ಲಿನ ಹೆಗಲಿಗೆ. ಇನ್ನೊಂದು ಅದರ ಬುಡದಲ್ಲಿ ಮಡಿಸಿಟ್ಟಿರುತ್ತದೆ. ಸಂಕಟ ಹೊತ್ತು ಗುಡ್ಡ ಹತ್ತಿದವರು ಯಾರಾದರೂ ಅದನ್ನು ಹೊದ್ದು ಕೂರಬಹುದು. ಏನು ಪಾಪ ಮಾಡಿದ್ದೀ ಎಂದು ಅವರನ್ನು ಅಲ್ಲಿ ಯಾರೂ ಕೇಳುವ ಹಾಗಿಲ್ಲ.