ಬೆಂಕಿ ಬೇಡವೆಂದ ತಮಟೆ

ಬಡಾವಣೆಯ ಉತ್ಸವದಲ್ಲಿ ಮಧ್ಯಾಹ್ನ ಇಡೀ ಬಯಲನ್ನು ಕುಣಿಸಿದ ಎಳೆಯ ತಮಟೆಗೆ ಜಂಭ ತಲೆಗೇರಿತ್ತು. ಸಂಜೆ ಇಬ್ಬನಿ ಬೀಳತೊಡಗಿದಾಗ ಮೇಳದ ಉಳಿದ ತಮಟೆಗಳು ವೇದಿಕೆಯ ಹಿಂದೆ ಹುಲ್ಲಿನ ಬೆಂಕಿಗೆ ಮೈ ಕಾಯಿಸಿಕೊಳ್ಳತೊಡಗಿದವು.

"ಬಾ ಮಗಾ, ಥಂಡಿಗೆ ಚರ್ಮ ಸಡಿಲವಾಗುತ್ತದೆ," ಎಂದಿತು ಮುದಿ ತಮಟೆ.

"ಮಧ್ಯಾಹ್ನದ ಚಪ್ಪಾಳೆ ಕೇಳಲಿಲ್ಲವೇ ಅಜ್ಜಾ? ನನಗೆ ಬೆಂಕಿ ಯಾಕೆ?" ಎಂದು ಎಳೆಯದು ಮುಖ ತಿರುಗಿಸಿತು.

ವೇದಿಕೆ ಏರಿದೊಡನೆ ಉಳಿದವು ಖಣಖಣ ನುಡಿದವು. ಇದು ಮಾತ್ರ ಹಾಸಿಗೆ ಕೊಡವಿದಂತೆ ದಬದಬ ಎಂದಿತು. ಮುಂದೆ ಕೂತ ಮಕ್ಕಳು ಬಿದ್ದು ಬಿದ್ದು ನಕ್ಕರು.

ಮೊದಲ ಸುತ್ತು ಮುಗಿದದ್ದೇ ತಡ, ಅದು ಬೆಂಕಿಯ ಬಳಿಗೆ ಓಡಿತು. ನೋಡಿದರೆ ಮುದಿ ತಮಟೆ ಆಗಲೇ ಅಲ್ಲಿ ಕೂತಿತ್ತು.

"ನೀವು ಚೆನ್ನಾಗಿಯೇ ನುಡಿದಿರಲ್ಲ ಅಜ್ಜಾ, ಮತ್ತೆ ಯಾಕೆ?"

"ಅದು ಹೋದ ಸುತ್ತಿಗಾಯಿತು ಮಗಾ," ಎನ್ನುತ್ತ ಮುದಿ ತಮಟೆ ಸರಿದು ಜಾಗ ಕೊಟ್ಟಿತು.